ಪೆಡಲ್ ಸ್ಟೀಲ್ ಗಿಟಾರಿಗೆ ಯಾವ ಟ್ಯೂನರ್? ಪದೇ ಪದೇ ಕೇಳುವ ಪ್ರಶ್ನೆಗಳು

ಪೆಡಲ್ ಸ್ಟೀಲ್ ನುಡಿಸುವ ಕನ್ನಡಿಗರು ತುಂಬಾ ಕಮ್ಮಿ. ಆದರೆ ಅದರ ನಾದಕ್ಕೆ ಮರುಳಾಗಿ ಒಂದನ್ನು ಕೊಂಡವರು, ಕೊಳ್ಳಲು ಹೊರಟವರು, ಹವಾಯಿಯನ್ ಗಿಟಾರಿನಿಂದ ಈ ಕಡೆ ಬಂದವರು ಆಗಾಗ ಮಾತಾಡಿಸುತ್ತಾರೆ, ಬರೆಯುತ್ತಾರೆ. ಮಾತು ಎಲ್ಲಿಂದ ಶುರುವಾದರೂ ಶ್ರುತಿಗೆ, ಅದನ್ನು ಅಳೆದು ತೋರಿಸುವ ಟ್ಯೂನರಿಗೆ ಬಂದು ನಿಲ್ಲುತ್ತದೆ. ಅವರು ಕೇಳಿದ ಹಾಗೆಯೇ ಪ್ರಶ್ನೆಗಳನ್ನು ಇಲ್ಲಿಟ್ಟಿದ್ದೇನೆ. ಹೊಸಬರು ಮೊದಲಿನಿಂದ ಓದಿ. ವಾದ್ಯ ಆಗಲೇ ಮನೆಗೆ ಬಂದಿದ್ದರೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಶುರು ಮಾಡುವವರಿಗೆ

ಟ್ಯೂನರ್ ಆರಿಸೋದೂ ಒಂದು ವಿಷಯನಾ? ಗಿಟಾರಿಗೆ ಅಂಗಡಿಯವನು ಕೊಟ್ಟಿದ್ದು ತಗೋತೀವಿ, ಅಷ್ಟೇ ಅಲ್ವಾ?

ಗಿಟಾರಿಗೆ ಅಷ್ಟೇ ಸಾಕು. ಆರು ತಂತಿ, ಆರು ಸ್ವರ, ಮುಗಿಯಿತು. ಪೆಡಲ್ ಸ್ಟೀಲ್ ಬೇರೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ, ಕಂಟ್ರಿ ಸಂಗೀತದ ಜೊತೆ ಬೆಳೆದ ವಾದ್ಯ ಇದು. ನಾಲ್ಕು ಕಾಲಿನ ಮೇಲೆ ಮೇಜಿನ ಹಾಗೆ ನಿಲ್ಲುತ್ತದೆ. ಎಡಗೈಯಲ್ಲಿ ಉಕ್ಕಿನ ಬಾರ್, ಬಲಗೈ ಬೆರಳುಗಳಿಗೆ ಪಿಕ್, ಎಡಪಾದಕ್ಕೆ ಪೆಡಲ್‌ಗಳು, ಮೊಣಕಾಲುಗಳಿಗೆ ಲಿವರ್‌ಗಳು, ಬಲಪಾದಕ್ಕೆ ವಾಲ್ಯೂಮ್ ಪೆಡಲ್.

ಜಾಸ್ತಿ ಬಳಕೆಯಲ್ಲಿರುವ ಇ9 ಶ್ರುತಿಯಲ್ಲಿ ಹತ್ತು ತಂತಿ. ನಿಮ್ಮಿಂದ ದೂರದ ತಂತಿಯಿಂದ ಎಣಿಸಿದರೆ ಎಫ್ ಶಾರ್ಪ್, ಡಿ ಶಾರ್ಪ್, ಜಿ ಶಾರ್ಪ್, ಇ, ಬಿ, ಜಿ ಶಾರ್ಪ್, ಎಫ್ ಶಾರ್ಪ್, ಇ, ಡಿ, ಬಿ. ಎ ಅನ್ನುವ ಹೆಸರಿನ ಪೆಡಲ್ ಒತ್ತಿದರೆ ಎರಡೂ ಬಿ ತಂತಿಗಳು ಸಿ ಶಾರ್ಪ್‌ಗೆ ಏರುತ್ತವೆ. ಬಿ ಅನ್ನುವ ಪೆಡಲ್ ಎರಡೂ ಜಿ ಶಾರ್ಪ್‌ಗಳನ್ನು ಎ ಸ್ವರಕ್ಕೆ ಏರಿಸುತ್ತದೆ. ಒಂದು ಲಿವರ್ ಇ ತಂತಿಗಳನ್ನು ಎಫ್‌ಗೆ ಏರಿಸುತ್ತದೆ, ಇನ್ನೊಂದು ಡಿ ಶಾರ್ಪ್‌ಗೆ ಇಳಿಸುತ್ತದೆ. ತೆರೆದ ಹತ್ತು ಸ್ವರಗಳ ಮೇಲೆ ಹೀಗೆ ಬರುವ ಸ್ವರಗಳು ಇನ್ನೂ ಹತ್ತು ಹನ್ನೆರಡು. ಒಂದೊಂದನ್ನೂ ಬೇರೆಯಾಗಿ ಶ್ರುತಿ ಮಾಡಬೇಕು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ವರಗಳು, ಟ್ಯೂನರ್ ಸರಿ ಅಂತ ತೋರಿಸುವ ಸೊನ್ನೆಯ ಮೇಲೆ ಕೂರುವುದಿಲ್ಲ. ಆರಿಸುವ ಪ್ರಶ್ನೆ ಹುಟ್ಟುವುದೇ ಇಲ್ಲಿಂದ.

ಫ್ರೆಟ್ ಇಲ್ಲ, ಬಾರ್ ಅತ್ತಿತ್ತ ಜರುಗಿಸಿದ್ರೆ ಸ್ವರ ಸರಿಯಾಗುತ್ತೆ. ಮತ್ತೆ ಟ್ಯೂನರ್ ಯಾಕೆ?

ಒಂದೇ ತಂತಿ ನುಡಿಸುವಾಗ ಈ ಮಾತು ನಿಜ. ಬಾರ್ ಅನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ ಕಿವಿ ಹೇಳಿದ ಜಾಗದಲ್ಲಿ ನಿಲ್ಲಿಸಬಹುದು. ಆದರೆ ಸ್ಟೀಲ್‌ನಲ್ಲಿ ನುಡಿಸುವುದು ಬಹುಪಾಲು ಎರಡು ಮೂರು ತಂತಿ ಒಟ್ಟಿಗೆ. ಹೀಗೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪೇ ಕಾರ್ಡ್. ಬಾರ್ ನೇರವಾದ ಉಕ್ಕಿನ ತುಂಡು. ಅದು ಜರುಗಿದರೆ ಎಲ್ಲ ತಂತಿಗಳೂ ಒಂದೇ ಅಳತೆಯಲ್ಲಿ ಏರುತ್ತವೆ, ಇಳಿಯುತ್ತವೆ. ಎರಡು ತಂತಿಗಳ ನಡುವಿನ ಅಂತರ ತಪ್ಪಿದ್ದರೆ ಬಾರ್ ಅದನ್ನು ಸರಿಮಾಡಲಾರದು. ಆ ಕೆಲಸ ನುಡಿಸುವ ಮೊದಲೇ ಆಗಿರಬೇಕು.

ಮನೇಲಿ ಹಳೇ ಗಿಟಾರ್ ಟ್ಯೂನರ್ ಇದೆ. ಅದರಲ್ಲೇ ನಡೆಯುತ್ತಾ?

ಅದು ಕ್ರೋಮ್ಯಾಟಿಕ್ ಆಗಿದ್ದರೆ, ಅಂದರೆ ಹನ್ನೆರಡೂ ಸ್ವರಗಳನ್ನು ಗುರುತಿಸುವಂಥದ್ದಾದರೆ, ಶುರುವಿಗೆ ನಡೆಯುತ್ತದೆ. ಇ, ಎ, ಡಿ, ಜಿ, ಬಿ ಮಾತ್ರ ತೋರಿಸುವ ಟ್ಯೂನರಿಗೆ ಜಿ ಶಾರ್ಪ್ ಗೊತ್ತೇ ಇಲ್ಲ. ಎಲ್ಲ ತಂತಿ ಒಮ್ಮೆಲೇ ಮೀಟಿ ನೋಡುವ ಪಾಲಿಟ್ಯೂನ್ ಥರದ ಸೌಲಭ್ಯಕ್ಕೂ ಹೆಚ್ಚು ದುಡ್ಡು ಕೊಡಬೇಡಿ. ಅದು ಮಾಮೂಲಿ ಗಿಟಾರು, ಬೇಸ್‌ಗಳ ತಂತಿ ಜೋಡಣೆಗೆ ಮಾಡಿದ್ದು. ಸ್ಟೀಲಿನ ಹತ್ತು ತಂತಿಗೆ ಉಪಯೋಗಕ್ಕೆ ಬರುವುದಿಲ್ಲ. ಅದೇ ಟ್ಯೂನರನ್ನು ಒಂದೊಂದೇ ತಂತಿಗೆ ಬಳಸಲು ಅಡ್ಡಿಯಿಲ್ಲ.

ಮೊಬೈಲ್ ಆ್ಯಪ್ ಸಾಕಲ್ವಾ, ಸುಮ್ನೆ ದುಡ್ಡು ಯಾಕೆ?

ಮನೆಯಲ್ಲಿ, ಫ್ಯಾನ್ ಆರಿಸಿ ಕೂತಾಗ, ಖಂಡಿತ ಸಾಕು. ಸೆಂಟ್, ಅಂದರೆ ಅಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರನೇ ಒಂದು ಭಾಗ. ಆ ಅಂಕಿ ತೋರಿಸುವ ಆ್ಯಪ್ ಇರಲಿ. ಪೀಟರ್ಸನ್ ಕಂಪನಿಯ ಐಸ್ಟ್ರೋಬೋಸಾಫ್ಟ್ ಫೋನಿನಲ್ಲೇ ಹರಿಯುವ ಪಟ್ಟೆಗಳಲ್ಲಿ ಶ್ರುತಿ ತೋರಿಸುವ ಒಳ್ಳೆಯ ಸ್ಟ್ರೋಬ್ ಟ್ಯೂನರ್ ಆಗುತ್ತದೆ. ಆದರೆ ಫೋನು ಕೇಳಿಸಿಕೊಳ್ಳುವುದು ಮೈಕ್‌ನಿಂದ. ಪಕ್ಕದಲ್ಲಿ ಡ್ರಮ್ ಪರೀಕ್ಷೆ ನಡೆಯುತ್ತಿದ್ದರೆ ಅದಕ್ಕೆ ನಿಮ್ಮ ತಂತಿ ಕೇಳಿಸುವುದಿಲ್ಲ. ನಾಲ್ಕು ಜನರ ಜೊತೆ ನುಡಿಸುವ ದಿನ ಬಂದಾಗ ಕೇಬಲ್ ಸಿಕ್ಕಿಸುವ ಟ್ಯೂನರ್ ಬೇಕೇ ಬೇಕು.

ನನ್ನ ಹತ್ರ ಎಲೆಕ್ಟ್ರಾನಿಕ್ ತಂಬೂರಿ ಇದೆ. ಅದನ್ನೇ ಇಟ್ಕೊಂಡು ಶ್ರುತಿ ಮಾಡಬಹುದಾ?

ಮಾಡಿ, ದಯವಿಟ್ಟು ಮಾಡಿ. ಕಿವಿ ತಯಾರಾಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಬೆಂಗಳೂರಿನ ರಾಡೆಲ್ ಪೆಟ್ಟಿಗೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಅದನ್ನು ಇ ಸ್ವರಕ್ಕೆ, ಅಂದರೆ ಮೂರರ ಶ್ರುತಿಗೆ ಇಟ್ಟು ಪಂಚಮದಲ್ಲಿ ಬಿಡಿ. ಇ ತಂತಿಗಳನ್ನು ಷಡ್ಜಕ್ಕೆ, ಬಿ ತಂತಿಗಳನ್ನು ಪಂಚಮಕ್ಕೆ ಕೂಡಿಸಿ. ಆಮೇಲೆ ಜಿ ಶಾರ್ಪ್ ಮೀಟಿ. ಅದು ಅಂತರ ಗಾಂಧಾರ. ಒಳ್ಳೆ ತಂಬೂರಿಯ ಮಂದ್ರ ಷಡ್ಜದೊಳಗೆ ತಾನಾಗಿ ಕೇಳಿಸುವ ಗಾಂಧಾರ ಇದೆಯಲ್ಲ, ಅದೇ ಜಾಗಕ್ಕೆ ತಂತಿಯನ್ನು ಇಳಿಸುತ್ತಾ ಬನ್ನಿ. ಅಲೆ ಅಲೆಯಾಗಿ ಬಡಿದುಕೊಳ್ಳುತ್ತಿದ್ದ ನಾದ ನಿಧಾನವಾಗಿ ಒಂದು ಕಡೆ ನಿಂತುಬಿಡುತ್ತದೆ.

ಈಗ ಟ್ಯೂನರ್ ನೋಡಿ. ಅದು ಸೊನ್ನೆಗಿಂತ ಸುಮಾರು 14 ಸೆಂಟ್ ಕೆಳಗೆ ತೋರಿಸುತ್ತಿರುತ್ತದೆ.

## ಸೊನ್ನೆ, ಸೆಂಟ್, ಹರ್ಟ್ಸ್

ಎಲ್ಲಾ ತಂತಿನೂ ಹಸಿರು ದೀಪಕ್ಕೆ ತಂದಿದೀನಿ. ಆದ್ರೂ ಕಾರ್ಡ್ ಕಿವಿಗೆ ಚುಚ್ಚುತ್ತೆ. ಯಾಕೆ?

ಹಸಿರು ದೀಪ ತೋರಿಸುವುದು ಪಿಯಾನೋದ ಸಮ ಹಂಚಿಕೆಯನ್ನು. ಅಲ್ಲಿ ಒಂದು ಸ್ಥಾಯಿಯನ್ನು 1200 ಸೆಂಟ್ ಅಂತ ಇಟ್ಟುಕೊಂಡು ಹನ್ನೆರಡು ಸಮಭಾಗ ಮಾಡುತ್ತಾರೆ. ಎಲ್ಲ ಶ್ರುತಿಯಲ್ಲೂ ನುಡಿಸಲು ಅದು ಅನುಕೂಲ. ಆದರೆ ಕಿವಿ ಒಪ್ಪುವ ಗಾಂಧಾರ ಷಡ್ಜದ 5/4 ಪಟ್ಟು. ಅದು 386 ಸೆಂಟ್. ಪಿಯಾನೋದ ಗಾಂಧಾರ 400 ಸೆಂಟ್. ವ್ಯತ್ಯಾಸ ಸುಮಾರು 14. ಪಂಚಮದಲ್ಲಿ ವ್ಯತ್ಯಾಸ ಬರೀ 2 ಸೆಂಟ್, ಅದು ಯಾರಿಗೂ ತೊಂದರೆ ಕೊಡುವುದಿಲ್ಲ.

ಪಿಯಾನೋದಲ್ಲಿ ನಾದ ಬೇಗ ಸಾಯುತ್ತದೆ, ಗಿಟಾರಿನಲ್ಲೂ ಹಾಗೆ. ಸ್ಟೀಲ್‌ನಲ್ಲಿ ವಾಲ್ಯೂಮ್ ಪೆಡಲ್ ಒತ್ತುತ್ತಾ ಸಾಯುವ ನಾದವನ್ನು ಎತ್ತಿ ಹಿಡಿಯುತ್ತೇವೆ. ಮೂರು ಸ್ವರ ಒಟ್ಟಿಗೆ, ಉದ್ದಕ್ಕೆ, ಗಟ್ಟಿಯಾಗಿ ನಿಲ್ಲುವಾಗ ಆ 14 ಸೆಂಟ್ ಮುಚ್ಚಿಡಲು ಆಗುವುದಿಲ್ಲ. ಅದಕ್ಕೇ ಸ್ಟೀಲ್ ನುಡಿಸುವವರು ಗಾಂಧಾರಗಳನ್ನು ಬೇಕೆಂದೇ ಇಳಿಸುತ್ತಾರೆ. ನಿಮ್ಮ ಟ್ಯೂನರ್ ಕೆಟ್ಟಿಲ್ಲ, ಕಿವಿಯೂ ಸರಿಯಾಗಿದೆ.

ಸರಿ, ಯಾವ ತಂತಿ ಎಷ್ಟು? ಅಂಕಿ ಹೇಳಿಬಿಡಿ.

ಇ ತಂತಿಗಳನ್ನು ಸೊನ್ನೆಗೆ ಇಟ್ಟು ಲೆಕ್ಕ ಹಾಕೋಣ. ಬಿ ತಂತಿಗಳು ಪ್ಲಸ್ 2. ಜಿ ಶಾರ್ಪ್‌ಗಳು ಮೈನಸ್ 14. ಡಿ ಶಾರ್ಪ್ ಮೈನಸ್ 12, ಯಾಕೆಂದರೆ ಅದು ಬಿ ಸ್ವರದ ಗಾಂಧಾರ. ಒಂಬತ್ತನೇ ತಂತಿ ಡಿ ಮೈನಸ್ 4ರ ಆಸುಪಾಸು. ಬಿ ಪೆಡಲ್ ಒತ್ತಿದಾಗ ಬರುವ ಎ ಮೈನಸ್ 2. ಎ ಪೆಡಲ್‌ನ ಸಿ ಶಾರ್ಪ್ ಈ ಎ ಸ್ವರಕ್ಕೆ ಗಾಂಧಾರ, ಹಾಗಾಗಿ ಮೈನಸ್ 16.

ಇನ್ನು ಎಲ್ಲರೂ ಬೆಚ್ಚಿಬೀಳುವ ಅಂಕಿ, ಇ ತಂತಿಯನ್ನು ಎಫ್‌ಗೆ ಏರಿಸುವ ಲಿವರ್‌ನದು. ಎ ಪೆಡಲ್ ಮತ್ತು ಈ ಲಿವರ್ ಸೇರಿದರೆ ಸಿ ಶಾರ್ಪ್ ಮೇಜರ್ ಕಾರ್ಡ್ ಬರುತ್ತದೆ. ಅದರ ಷಡ್ಜವೇ ಆಗಲೇ ಮೈನಸ್ 16ರಲ್ಲಿದೆ. ಗಾಂಧಾರ ಅದಕ್ಕಿಂತ ಇನ್ನೂ 14 ಕೆಳಗೆ. ಹಾಗಾಗಿ ಎಫ್ ಸುಮಾರು ಮೈನಸ್ 29! ಇಡೀ ಕಾರ್ಡ್ ಇಳಿದಿರುವುದರಿಂದ ಅದನ್ನು ನುಡಿಸುವಾಗ ಬಾರ್ ಅನ್ನು, ಫ್ರೆಟ್ ಜಾಗ ತೋರಿಸಲು ಬರೆದ ಗೆರೆಗಿಂತ ಸ್ವಲ್ಪ ಮುಂದೆ ಇಡಬೇಕು. ಇದನ್ನೆಲ್ಲ ಕಣ್ಣುಮುಚ್ಚಿ ನಂಬಬೇಡಿ. ಕಾರ್ಡ್ ನುಡಿಸಿ, ಕೇಳಿ, ಎರಡು ಮೂರು ಸೆಂಟ್ ಆಚೀಚೆ ಮಾಡಿಕೊಳ್ಳಿ.

ಕೆಲವು ಚಾರ್ಟ್‌ಗಳಲ್ಲಿ ಸೆಂಟ್ ಇರಲ್ಲ, 436, 441 ಅಂತ ಇರುತ್ತೆ. ಅದು ಏನು ಲೆಕ್ಕ?

ಹಳೆಯ ಸೂಜಿ ಟ್ಯೂನರುಗಳ ಕಾಲದ ಲೆಕ್ಕ. ಎ ಸ್ವರದ ಅಳತೆಯನ್ನು 440 ಹರ್ಟ್ಸ್‌ನಿಂದ ಬದಲಿಸಿದರೆ ಎಲ್ಲ ಸ್ವರಗಳ ಸೊನ್ನೆಯೂ ಜರುಗುತ್ತದೆ. ಅಲ್ಲಿ 1 ಹರ್ಟ್ಸ್ ಅಂದರೆ ಸುಮಾರು 4 ಸೆಂಟ್. ಚಾರ್ಟ್‌ನಲ್ಲಿ ಜಿ ಶಾರ್ಪ್ ಎದುರು 436.5 ಇದ್ದರೆ ಅದು ನಮ್ಮ ಮೈನಸ್ 14. ಎಫ್ ಲಿವರಿಗೆ ಈ ಲೆಕ್ಕದಲ್ಲಿ ಸುಮಾರು 432.6 ಬರುತ್ತದೆ. ಟ್ಯೂನರ್ ಕೊಳ್ಳುವಾಗ ಇದು ನೆನಪಿರಲಿ: ಬಾಸ್ ಟಿಯು-3 ಅಂಥ ಹೆಸರಾಂತ ಟ್ಯೂನರಿನ ಅಳತೆ 436ರಿಂದ 445ರವರೆಗೆ ಮಾತ್ರ ಜರುಗುತ್ತದೆ. ಚಾರ್ಟ್ ಹಿಡಿದು ಶ್ರುತಿ ಮಾಡುವವರಿಗೆ ಅದು ಕಮ್ಮಿಯಾಗುತ್ತದೆ.

## ಕೊಳ್ಳುವಾಗ

ಸೂಜಿ, ಎಲ್‌ಇಡಿ, ಸ್ಟ್ರೋಬ್. ಇವುಗಳಲ್ಲಿ ಯಾವುದು?

ದುಡ್ಡು ಹೊಂದಿದರೆ ಸ್ಟ್ರೋಬ್. ಇಲ್ಲದಿದ್ದರೆ ಸೆಂಟ್ ಗುರುತುಗಳು ಸ್ಪಷ್ಟವಾಗಿರುವ ಸೂಜಿ ಅಥವಾ ಪರದೆ. ಬರೀ ಐದಾರು ದೀಪಗಳ ಎಲ್‌ಇಡಿ ಟ್ಯೂನರ್ ಸ್ಟೀಲಿಗೆ ಬೇಡ. ಅದರ ನಡುದೀಪ ಸೊನ್ನೆಯನ್ನು ಚೆನ್ನಾಗಿಯೇ ತೋರಿಸಬಹುದು. ನಮಗೆ ಬೇಕಾದದ್ದು ಮೈನಸ್ 12 ಮತ್ತು ಮೈನಸ್ 16ರ ನಡುವಿನ ವ್ಯತ್ಯಾಸ. ಅಲ್ಲಿ ಅದು ಒಂದೇ ದೀಪ ಹಚ್ಚಿ ಸುಮ್ಮನಾಗುತ್ತದೆ.

ಸ್ಟ್ರೋಬ್‌ನಲ್ಲಿ ಸೂಜಿ ಇಲ್ಲ, ಹರಿಯುವ ಪಟ್ಟೆಗಳಿವೆ. ಸ್ವರ ಏರಿದ್ದರೆ ಒಂದು ಕಡೆ, ಇಳಿದಿದ್ದರೆ ಇನ್ನೊಂದು ಕಡೆ ಹರಿಯುತ್ತವೆ. ಸರಿಯಾದಾಗ ನಿಲ್ಲುತ್ತವೆ. ತಪ್ಪು ಚಿಕ್ಕದಾದಷ್ಟೂ ಹರಿವು ನಿಧಾನ. ಅದಕ್ಕೇ ಅರ್ಧ ಸೆಂಟ್ ತಪ್ಪೂ ಕಣ್ಣಿಗೆ ಕಾಣುತ್ತದೆ. ಪೀಟರ್ಸನ್ ಸ್ಟ್ರೋಬ್‌ಗಳ ನಿಖರತೆ ಒಂದು ಸೆಂಟಿನ ಹತ್ತನೇ ಒಂದು ಭಾಗ. ನೆಲದ ಮೇಲಿಡುವ ಸಾಮಾನ್ಯ ಪೆಡಲ್ ಟ್ಯೂನರುಗಳದ್ದು ಒಂದು ಸೆಂಟ್. ಸ್ಟೀಲಿಗೆ ಒಂದು ಸೆಂಟ್ ನಿಖರತೆ ಸಾಕು ಅಂತಲೇ ನನ್ನ ಅಭಿಪ್ರಾಯ. ಸ್ಟ್ರೋಬ್ ಕೊಳ್ಳಲು ನಿಜವಾದ ಕಾರಣ ಮುಂದಿನ ಪ್ರಶ್ನೆಯಲ್ಲಿದೆ.

ಸ್ವೀಟನರ್ ಅಂತಾರಲ್ಲ, ಅದು ಬೇಕೇ ಬೇಕಾ?

ಸ್ಟೀಲಿನ ಮಟ್ಟಿಗೆ ಟ್ಯೂನರಿನಲ್ಲಿ ನೋಡಬೇಕಾದ ಮೊದಲ ಗುಣ ಇದೇ. ಸ್ವೀಟನರ್ ಅಂದರೆ ಒಂದೊಂದು ಸ್ವರಕ್ಕೂ ಎಷ್ಟು ಸೆಂಟ್ ಏರಿಸಬೇಕು, ಇಳಿಸಬೇಕು ಅನ್ನುವುದನ್ನು ಟ್ಯೂನರಿನೊಳಗೇ ಬರೆದಿಡುವುದು. ಆಮೇಲೆ ಜಿ ಶಾರ್ಪ್ ಮೈನಸ್ 14ಕ್ಕೆ ಬಂದಾಗ ಪಟ್ಟೆಗಳು ನಿಲ್ಲುತ್ತವೆ. ಇಪ್ಪತ್ತು ಅಂಕಿಗಳನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಪೀಟರ್ಸನ್ ಟ್ಯೂನರುಗಳಲ್ಲಿ ಪೆಡಲ್ ಸ್ಟೀಲಿಗೆಂದೇ ಎಸ್ಇ9, ಎಸ್‌ಸಿ6 ಅನ್ನುವ ಸಿದ್ಧ ಪಟ್ಟಿಗಳಿವೆ. ಮೊದಲನೆಯದು ಇ9ಗೆ, ಎರಡನೆಯದು ಸಿ6 ಅನ್ನುವ ಇನ್ನೊಂದು ಶ್ರುತಿಗೆ. ಇವು ಸ್ಟ್ರೋಬೋಪ್ಲಸ್ ಎಚ್‌ಡಿಯಲ್ಲಿ ಸಿಗುತ್ತವೆ, ನಮ್ಮದೇ ಪಟ್ಟಿ ಬರೆದಿಡಲೂ ಆಗುತ್ತದೆ.

ಕಂಪನಿ ಕೊಟ್ಟ ಪಟ್ಟಿಯಿಂದ ಶುರು ಮಾಡಿ. ಆದರೆ ಅಲ್ಲೇ ನಿಲ್ಲಬೇಡಿ. ತಂಬೂರಿ ಹಿಡಿದು ಕಿವಿಯಿಂದ ಶ್ರುತಿ ಮಾಡಿ, ಟ್ಯೂನರ್ ಏನು ತೋರಿಸುತ್ತದೆ ಅಂತ ಬರೆದುಕೊಂಡು ಅದನ್ನೇ ನಿಮ್ಮ ಪಟ್ಟಿ ಮಾಡಿ. ಗದ್ದಲದಲ್ಲಿ ಕಿವಿಗೆ ಕೆಲಸ ಸಾಧ್ಯವಾಗದಿದ್ದಾಗ, ಶಾಂತವಾಗಿ ಕೂತು ಕೇಳಿದ್ದನ್ನು ಟ್ಯೂನರ್ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ನಾನು ಟ್ಯೂನರಿಗೆ ದುಡ್ಡು ಹಾಕುವುದು ಈ ಕಾರಣಕ್ಕೆ.

ಕ್ಲಿಪ್ ಟ್ಯೂನರ್ ಸ್ಟೀಲ್‌ಗೆ ಹಿಡಿಯುತ್ತಾ?

ತಂತಿ ಬಿಗಿಯುವ ಕೀಗಳಿರುವ ತಲೆಯ ಸ್ಟೀಲ್ ಆದರೆ ಒಂದು ಕೀಗೆ ಅಥವಾ ತಲೆಯ ಅಂಚಿಗೆ ಸಿಕ್ಕಿಸಬಹುದು. ಕೀಲೆಸ್ ಮಾದರಿಯಲ್ಲಿ ಸಿಕ್ಕಿಸಲು ಜಾಗವೇ ಕಷ್ಟ. ಸ್ಟೀಲಿನ ಮೈ ಭಾರ, ಅದುರುವುದು ಕಮ್ಮಿ, ಹಾಗಾಗಿ ದಪ್ಪ ತಂತಿಗಳಲ್ಲಿ ಕ್ಲಿಪ್ ತಡವರಿಸುತ್ತದೆ. ಚೀಲದಲ್ಲಿ ಒಂದು ಬಿದ್ದಿರಲಿ, ಆಪತ್ತಿಗೆ ಆಗುತ್ತದೆ. ಅದನ್ನೇ ನಂಬಿಕೊಳ್ಳಬೇಡಿ.

ನೆಲದ ಮೇಲಿಡೋ ಪೆಡಲ್ ಟ್ಯೂನರ್ ಚೆನ್ನಾಗಿದೆ ಅಂತಾರೆ. ಅದನ್ನೇ ತಗೊಳ್ಲಾ?

ಟ್ಯೂನರ್ ಚೆನ್ನಾಗಿಯೇ ಇರುತ್ತದೆ, ತೊಂದರೆ ಜಾಗದ್ದು. ಗಿಟಾರಿನವರು ನಿಂತು ಕೆಳಗೆ ನೋಡುತ್ತಾರೆ. ನಾವು ಕೂತಿರುತ್ತೇವೆ, ವಾದ್ಯ ತೊಡೆಯ ಮೇಲ್ಗಡೆ ಅಡ್ಡ ಇರುತ್ತದೆ, ನೆಲ ಕಾಣುವುದಿಲ್ಲ. ಜೊತೆಗೆ ಪೆಡಲ್ ಸ್ವರಗಳನ್ನು ಶ್ರುತಿ ಮಾಡುವ ಜಾಗ ಬಲತುದಿಯಲ್ಲಿದೆ. ಎಂಡ್‌ಪ್ಲೇಟ್‌ನ ಕಿಂಡಿಯಲ್ಲಿ ನೈಲಾನ್ ನಟ್‌ಗಳ ಸಾಲು ಕಾಣುತ್ತದೆ. ಪೆಡಲ್ ಒತ್ತಿ ಹಿಡಿದು, ಎಡಗೈಯಲ್ಲಿ ತಂತಿ ಮೀಟಿ, ಬಲಗೈಯಲ್ಲಿ ಷಟ್ಕೋನದ ಕೀ ತಿರುಗಿಸಬೇಕು. ಬಲಕ್ಕೆ ಬಾಗಿದಾಗಲೂ ಪರದೆ ಕಾಣುವಂತಿರಬೇಕು. ವಾದ್ಯದ ಮೇಲೇ ಇಡುವ ಚಿಕ್ಕ ಟ್ಯೂನರ್, ಅಥವಾ ಕಾಲಿಗೆ ಕ್ಲಾಂಪ್ ಹಾಕಿ ಎತ್ತರದಲ್ಲಿ ನಿಲ್ಲಿಸಿದ್ದು ಒಳ್ಳೆಯದು. ಕೊಳ್ಳುವ ಮೊದಲು ಕುರ್ಚಿಯಲ್ಲಿ ಕೂತು ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ನೋಡಿಕೊಳ್ಳಿ.

## ವೇದಿಕೆಯಲ್ಲಿ

ಟ್ಯೂನರ್ ವಾಲ್ಯೂಮ್ ಪೆಡಲ್‌ಗಿಂತ ಮುಂಚೆ ಬರಬೇಕಾ, ಆಮೇಲಾ?

ಮುಂಚೆ. ವಾದ್ಯದಿಂದ ಟ್ಯೂನರ್, ಅಲ್ಲಿಂದ ವಾಲ್ಯೂಮ್ ಪೆಡಲ್, ಆಮೇಲೆ ಆಂಪ್. ಆಗ ವಾಲ್ಯೂಮ್ ಪೂರ್ತಿ ಇಳಿಸಿದರೂ ಟ್ಯೂನರಿಗೆ ಸದ್ದು ಸಿಗುತ್ತದೆ, ಕೇಳುಗರಿಗೆ ಏನೂ ಕೇಳಿಸುವುದಿಲ್ಲ. ಹಾಡಿನ ನಡುವೆ ನಿಮ್ಮ ಸರದಿ ಇಲ್ಲದಾಗ ಒಂದು ತಂತಿ ನೋಡಿಕೊಳ್ಳಬಹುದು. ಗುಡ್‌ರಿಚ್ ಮತ್ತು ಹಿಲ್ಟನ್ ವಾಲ್ಯೂಮ್ ಪೆಡಲ್‌ಗಳ ಕೆಲವು ಮಾದರಿಗಳಲ್ಲಿ ಟ್ಯೂನರಿಗೆಂದೇ ಬೇರೆ ಜಾಕ್ ಇದೆ, ಅದು ಇನ್ನೂ ಅನುಕೂಲ. ಟ್ಯೂನರ್ ಸಿಕ್ಕಿಸಿದ ಮೇಲೆ ನಾದ ಮಂಕಾಯಿತು ಅನ್ನಿಸಿದರೆ ಒಮ್ಮೆ ತೆಗೆದು, ಒಮ್ಮೆ ಹಾಕಿ ಕೇಳಿ ನೋಡಿ. ಮಂಕಾಗುವುದು ನಿಜವಾದರೆ ಬಫರ್, ಅಂದರೆ ನಾದ ಕುಂದದಂತೆ ಕಾಯುವ ಸರ್ಕ್ಯೂಟ್, ಇರುವ ಟ್ಯೂನರ್ ನೋಡಿ.

ಮೀಟಿದ ತಕ್ಷಣ ಒಂದು ತೋರ್ಸುತ್ತೆ, ಆಮೇಲೆ ಇಳಿಯುತ್ತೆ. ಯಾವುದನ್ನ ನಂಬಲಿ?

ಆಮೇಲಿನದನ್ನು. ಮೀಟಿದ ಕ್ಷಣದಲ್ಲಿ ತಂತಿ ಬಿಗಿಯಾಗಿ ಸ್ವರ ಸ್ವಲ್ಪ ಏರುತ್ತದೆ, ಅರೆಕ್ಷಣದಲ್ಲಿ ತನ್ನ ಜಾಗಕ್ಕೆ ಬರುತ್ತದೆ. ನುಡಿಸುವಷ್ಟೇ ಬಲದಲ್ಲಿ, ಅದೇ ಪಿಕ್ ಹಾಕಿಕೊಂಡು ಮೀಟಿ. ವೇದಿಕೆಯ ದೀಪಗಳ ಬಿಸಿಗೆ ತಂತಿ ಸಡಿಲವಾಗುವುದರಿಂದ, ದೀಪ ಹತ್ತಿ ವಾದ್ಯ ಬೆಚ್ಚಗಾದ ಮೇಲೆ ಇನ್ನೊಮ್ಮೆ ನೋಡಲೇಬೇಕು.

ನಂದು ಡಬಲ್ ನೆಕ್. ಸಿ6ನ ಕೊನೇ ತಂತಿಯನ್ನ ಟ್ಯೂನರ್ ಹಿಡಿಯೋದೇ ಇಲ್ಲ.

ಡಬಲ್ ನೆಕ್ ಅಂದರೆ ಒಂದೇ ವಾದ್ಯದಲ್ಲಿ ಇ9, ಸಿ6 ಎರಡು ಶ್ರುತಿಯ ತಂತಿಸಾಲುಗಳು. ಸಿ6ನ ಕೊನೆಯ ತಂತಿಯ ಸಿ ಸ್ವರ ಸುಮಾರು 65 ಹರ್ಟ್ಸ್. ಅಗ್ಗದ ಟ್ಯೂನರುಗಳು ಅಲ್ಲಿ ಅದರ ಮೇಲಿನ ಸ್ವರಾಂಶಗಳನ್ನು ಹಿಡಿದು ಗಲಿಬಿಲಿಯಾಗುತ್ತವೆ. ಹನ್ನೆರಡನೇ ಫ್ರೆಟ್ ಗೆರೆಯ ಮೇಲೆ ಬೆರಳು ಮುಟ್ಟಿಸಿ ಹಾರ್ಮೋನಿಕ್, ಅಂದರೆ ತಂತಿಯ ಮೇಲಿನ ಸ್ವರಾಂಶ, ತೆಗೆಯಿರಿ, ಮಿಕ್ಕ ತಂತಿಗಳನ್ನು ಅಂಗೈಯಲ್ಲಿ ಮುಚ್ಚಿ. ಬಹುಪಾಲು ಟ್ಯೂನರ್ ಆಗ ಹಿಡಿಯುತ್ತದೆ. ಏಳನೇ ಗೆರೆಯ ಹಾರ್ಮೋನಿಕ್ ಬೇಡ. ಅದು ಜಿ ಸ್ವರ ಕೊಡುತ್ತದೆ, ಅದೂ 2 ಸೆಂಟ್ ಮೇಲೆ.

## ಆಳಕ್ಕೆ ಇಳಿದವರಿಗೆ

ಎ, ಬಿ ಪೆಡಲ್ ಒತ್ತಿದ್ರೆ ಅವಕ್ಕೆ ಸಂಬಂಧವೇ ಇಲ್ಲದ ಇ ತಂತಿನೂ ಇಳಿಯುತ್ತೆ. ಟ್ಯೂನರ್ ಹಾಳಾಗಿದೆಯಾ?

ಇಲ್ಲ, ಅದು ನಿಜ ಹೇಳುತ್ತಿದೆ. ಪೆಡಲ್ ಒತ್ತಿದಾಗ ವಾದ್ಯದ ಮೈ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಒತ್ತದ ತಂತಿಗಳೂ ಕೊಂಚ ಸಡಿಲವಾಗುತ್ತವೆ. ಇದಕ್ಕೆ ಕ್ಯಾಬಿನೆಟ್ ಡ್ರಾಪ್ ಅನ್ನುತ್ತಾರೆ. ನಾಲ್ಕನೇ ತಂತಿ ಮೀಟಿ, ಸ್ಟ್ರೋಬ್ ನಿಂತ ಮೇಲೆ ಎರಡೂ ಪೆಡಲ್ ನಿಧಾನ ಒತ್ತಿ ನೋಡಿ. ಪಟ್ಟೆಗಳು ಇಳಿಯುವ ಕಡೆಗೆ ಹರಿಯಲು ಶುರುವಾಗುತ್ತವೆ. ಎಷ್ಟು ಸೆಂಟ್ ಅನ್ನುವುದು ವಾದ್ಯದಿಂದ ವಾದ್ಯಕ್ಕೆ ಬೇರೆ. ಹಳೇ ಸ್ಟೀಲ್ ಕೊಳ್ಳಲು ಹೋಗುವಾಗ ಸ್ಟ್ರೋಬ್ ಜೊತೆಗಿದ್ದರೆ ಈ ಪರೀಕ್ಷೆ ಅಲ್ಲೇ ಮಾಡಬಹುದು.

ಇ 4 ಸೆಂಟ್ ಇಳಿಯುತ್ತದೆ ಅಂತಿಟ್ಟುಕೊಳ್ಳಿ. ತೆರೆದಾಗ ಪ್ಲಸ್ 2ಕ್ಕೆ ಇಟ್ಟರೆ ಒತ್ತಿದಾಗ ಮೈನಸ್ 2 ಆಗುತ್ತದೆ. ಎರಡು ಕಡೆಯೂ ಸಹಿಸುವಷ್ಟು. ಈ ತಿದ್ದುಪಡಿಯೂ ನಿಮ್ಮ ಸ್ವೀಟನರ್ ಪಟ್ಟಿಗೆ ಸೇರಲಿ. ಪೆಡಲ್ ಸ್ವರಗಳನ್ನು ಎರಡು ಪೆಡಲ್ ಒಟ್ಟಿಗೆ ಒತ್ತಿಯೇ ಶ್ರುತಿ ಮಾಡಿ, ಯಾಕೆಂದರೆ ನುಡಿಸುವಾಗ ಹೆಚ್ಚಾಗಿ ಒತ್ತುವುದು ಹಾಗೆಯೇ.

ಎಫ್ ಶಾರ್ಪ್ ತಂತಿ ಒಂದು ಕಾರ್ಡ್‌ಗೆ ಕೂತ್ರೆ ಇನ್ನೊಂದಕ್ಕೆ ಕೂರಲ್ಲ. ಏನು ಮಾಡಲಿ?

ಬಿ ಸ್ವರದ ಜೊತೆ ಪಂಚಮವಾಗಿ ಕೂರಲು ಎಫ್ ಶಾರ್ಪ್ ಪ್ಲಸ್ 4ರಲ್ಲಿರಬೇಕು. ಪೆಡಲ್ ಒತ್ತಿದಾಗಿನ ಸಿ ಶಾರ್ಪ್ ಜೊತೆ ಕೂರಲು ಅದು ಮೈನಸ್ 18ಕ್ಕೆ ಬರಬೇಕು. ನಡುವೆ ಸುಮಾರು 22 ಸೆಂಟ್. ಒಂದೇ ತಂತಿ ಎರಡೂ ಕಡೆ ಇರಲಾರದು. ಯಾವ ಟ್ಯೂನರಿನಲ್ಲೂ ಇದಕ್ಕೆ ಉತ್ತರವಿಲ್ಲ. ಕೆಲವರು ನಡುವೆ ಎಲ್ಲೋ ಇಡುತ್ತಾರೆ. ಇನ್ನು ಕೆಲವರು ಎ ಪೆಡಲಿಗೆ ಒಂದು ಸರಳು ಜಾಸ್ತಿ ಹಾಕಿಸಿ, ಪೆಡಲ್ ಒತ್ತಿದಾಗ ಏಳನೇ ತಂತಿ ಕೊಂಚ ಇಳಿಯುವಂತೆ ಮಾಡಿಕೊಳ್ಳುತ್ತಾರೆ. ಕಾಂಪೆನ್ಸೇಟರ್ ಅಂದರೆ ಅದೇ. ಅದನ್ನು ಹಾಕಿಸುವ ಮೊದಲು ನಿಮ್ಮ ನುಡಿಸಾಣಿಕೆಯಲ್ಲಿ ಏಳನೇ ತಂತಿ ಯಾವ ಕಾರ್ಡ್‌ನಲ್ಲಿ ಜಾಸ್ತಿ ಬರುತ್ತದೆ ಅಂತ ನೋಡಿ. ಆ ಕಡೆಗೆ ವಾಲಿಸಿಟ್ಟರೆ ಬಹಳ ಜನರಿಗೆ ಅಷ್ಟೇ ಸಾಕಾಗುತ್ತದೆ.

ಕೀಬೋರ್ಡ್ ಸೊನ್ನೆಯಲ್ಲಿರುತ್ತೆ. ನಾನು ಮೈನಸ್ 14, 16 ಅಂತ ಇಟ್ಕೊಂಡ್ರೆ ಅಪಸ್ವರ ಆಗಲ್ವಾ?

ಸ್ಟೀಲ್ ನುಡಿಸುವವರ ನಡುವೆ ಈ ವಾದ ಇವತ್ತಿಗೂ ಮುಗಿದಿಲ್ಲ. ಎಷ್ಟೋ ಜನರಿಗೆ ಕಲಿಸಿದ ಜೆಫ್ ನ್ಯೂಮನ್ ಸ್ವರಗಳನ್ನು ಇಳಿಸಿಡುವ ಚಾರ್ಟ್ ಕೊಟ್ಟರು. ಈ ವಾದ್ಯದ ಅತಿ ದೊಡ್ಡ ಹೆಸರಾದ ಬಡ್ಡಿ ಎಮ್ಮನ್ಸ್ ಮುಂದೆ ಸಮ ಹಂಚಿಕೆಯ ಕಡೆಗೇ ವಾಲಿದರು. ನನ್ನ ಮಟ್ಟಿಗೆ, ಕೀಬೋರ್ಡ್ ಗಟ್ಟಿಯಾಗಿರುವ ತಂಡದಲ್ಲಿ ಗಾಂಧಾರಗಳನ್ನು ಮೈನಸ್ 8ರ ಹತ್ತಿರ ತಂದು, ಇ ತಂತಿಗಳನ್ನು ಪ್ಲಸ್ 2ಕ್ಕೆ ಎತ್ತಿದರೆ ಇಬ್ಬರಿಗೂ ಹೊಂದಿಕೆಯಾಗುತ್ತದೆ. ಗಿಟಾರು, ಪಿಟೀಲು, ಹಾಡುಗಾರಿಕೆ ಮಾತ್ರ ಇದ್ದರೆ ಪೂರ್ತಿ ಇಳಿಸಿಯೇ ನುಡಿಸುತ್ತೇನೆ. ಎರಡು ಪಟ್ಟಿ ಬರೆದಿಡುವ ಟ್ಯೂನರ್ ಇದ್ದರೆ ತಂಡ ನೋಡಿ ಒಂದನ್ನು ಆರಿಸಿಕೊಳ್ಳಬಹುದು.

ಇದೇ ಟ್ಯೂನರ್ ನನ್ನ ಹವಾಯಿಯನ್ ಗಿಟಾರಿಗೂ ಆಗುತ್ತಾ?

ಚೆನ್ನಾಗಿಯೇ ಆಗುತ್ತದೆ. ಅಲ್ಲಿ ಪೆಡಲ್ ಇಲ್ಲ, ಹಾಗಾಗಿ ತೆರೆದ ಕಾರ್ಡ್‌ನ ಗಾಂಧಾರದ ತಂತಿಯೊಂದನ್ನೇ ಮೈನಸ್ 14ಕ್ಕೆ ಇಳಿಸಿದರೆ ಮುಗಿಯಿತು. ರಾಗ ನುಡಿಸುವವರು ಷಡ್ಜ ಪಂಚಮಕ್ಕೆ ಮಾತ್ರ ಟ್ಯೂನರ್ ನೋಡಿ, ಮಿಕ್ಕಿದ್ದನ್ನು ತಂಬೂರಿಗೆ ಬಿಡಿ. ನಿಮ್ಮ ಷಡ್ಜ 440ರ ಲೆಕ್ಕಕ್ಕೆ ಸರಿಯಾಗಿ ಬರದಿದ್ದರೆ ಟ್ಯೂನರಿನ ಅಳತೆಯನ್ನು ಜರುಗಿಸಿ ಷಡ್ಜವನ್ನು ಸೊನ್ನೆಗೆ ತಂದುಕೊಳ್ಳಿ. ಪೆಡಲ್ ಸ್ಟೀಲಿಗೆ ಮರಳಿದಾಗ ಅದನ್ನು ಮತ್ತೆ 440ಕ್ಕೆ ಇಡಬೇಕು.